ಮಾಡ್ಯುಲೇಷನ್ ಎಂಬ ಪದಕ್ಕೆ ವೈದ್ಯರಲ್ಲೂ ಸಂಗೀತಗಾರರಲ್ಲೂ ರೇಡಿಯೋದವರಲ್ಲೂ ಒಂದೇ ಅರ್ಥವೇ?

ನಿಮ್ಮ ಪ್ರಶ್ನೆ ಇದು: ಔಷಧದ ಚೀಟಿಯಲ್ಲಿ ‘ಇಮ್ಯುನೋಮಾಡ್ಯುಲೇಟರ್’ ಎಂದು ಓದಿದ್ದೀರಿ, ಕೀಬೋರ್ಡ್ ಕಲಿಸುವವರು ‘ಇಲ್ಲಿ ಮಾಡ್ಯುಲೇಷನ್ ಆಗುತ್ತದೆ, ಗಮನಿಸಿ’ ಎಂದಿದ್ದಾರೆ, ಎಫ್‌ಎಂ ಎಂಬುದರಲ್ಲಿರುವ ‘ಎಂ’ ಕೂಡ ಅದೇ ಪದವೆಂದು ತಿಳಿದುಬಂದಿದೆ. ಇವೆಲ್ಲ ಒಂದೇ ವಿಚಾರವೋ, ಬರೀ ಹೆಸರು ಒಂದೋ? ನಾನು ಸಂವಹನ ತಂತ್ರಜ್ಞಾನ ಕಲಿಸುತ್ತೇನೆ. ಈ ಪ್ರಶ್ನೆಯನ್ನು ಬಹಳ ವರ್ಷ ತಲೆಯಲ್ಲಿ ಹೊತ್ತು ತಿರುಗಿದ್ದೇನೆ. ರೇಡಿಯೋ, ದೇಹ, ಔಷಧ ಈ ಮೂರರಲ್ಲೂ ವಿಚಾರ ಒಂದೇ ಎಂಬುದು ನನ್ನ ತೀರ್ಮಾನ. ಸಂಗೀತದ ಮಾತು ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ರೇಡಿಯೋದಲ್ಲಿ ಎಲ್ಲವೂ ಅಳತೆಗೆ ಸಿಗುತ್ತದೆ, ಅಲ್ಲಿಂದಲೇ ತೊಡಗೋಣ. ಸೆಕೆಂಡಿಗೆ 1,000 ಸಲ ಕಂಪಿಸುವ ದನಿಯನ್ನು ಹಾಗೆಯೇ ರೇಡಿಯೋ ಅಲೆಯಾಗಿಸಿ ಕಳುಹಿಸಲು ಹೊರಟರೆ ಆ ಅಲೆಯ ಉದ್ದ 300 ಕಿಲೋಮೀಟರ್ ಆಗುತ್ತದೆ. ಅದರ ಕಾಲುಭಾಗದಷ್ಟು ಆಂಟೆನಾ ಎಂದರೂ 75 ಕಿಲೋಮೀಟರ್ ಬೇಕು. ಅದೇ 100 ಮೆಗಾಹರ್ಟ್ಸ್ ಅಲೆಗೆ, ಅಂದರೆ ಸೆಕೆಂಡಿಗೆ ಹತ್ತು ಕೋಟಿ ಸಲ ಕಂಪಿಸುವುದಕ್ಕೆ, 75 ಸೆಂಟಿಮೀಟರ್ ಸಾಕು. ಆದ್ದರಿಂದ ವೇಗವಾಗಿ ಕಂಪಿಸುವ ಒಂದು ಅಲೆಯನ್ನು ಸತತವಾಗಿ ಹರಿಯಬಿಟ್ಟು, ದನಿಯನ್ನು ಅದರ ಮೇಲೆ ಹೊರಿಸುತ್ತೇವೆ. ಹೊರುವ ಈ ಅಲೆಗೆ ವಾಹಕ ಎಂದು ಹೆಸರು. ವಾಹಕಕ್ಕೆ ಸ್ವಂತವಾಗಿ ಹೇಳುವುದೇನೂ ಇಲ್ಲ. ದನಿ ಏರಿಳಿದಂತೆ ವಾಹಕದ ಎತ್ತರ ಏರಿಳಿದರೆ ಎಎಂ. ಎತ್ತರ ಹಾಗೆಯೇ ಇದ್ದು ಅದರ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂಬುದು, ಹೆಚ್ಚು ಕಡಿಮೆಯಾದರೆ ಎಫ್‌ಎಂ. ಮಿಂಚು, ಮೋಟಾರು ಮುಂತಾದವು ಎಬ್ಬಿಸುವ ಗದ್ದಲ ಹೆಚ್ಚಾಗಿ ಅಲೆಯ ಎತ್ತರವನ್ನೇ ಕೆಡಿಸುತ್ತದೆ. ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ಎಫ್‌ಎಂ ಪದ್ಧತಿಯಲ್ಲಿ ರಿಸೀವರ್ ಎತ್ತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಫ್‌ಎಂ ಅಷ್ಟು ತಿಳಿಯಾಗಿ ಕೇಳಿಸುವುದು ಅದಕ್ಕೇ.

ಮಾಡ್ಯುಲೇಷನ್ನಿನ ತಿರುಳು ಇಷ್ಟು: ಯಾವುದೋ ಒಂದು ಮೊದಲೇ ನಡೆಯುತ್ತಿರಬೇಕು, ಇನ್ನೊಂದು ಬಂದು ಅದನ್ನು ನಿಲ್ಲಿಸದೆ ಅದರ ನಡೆಯನ್ನು ತಿದ್ದಬೇಕು. ಸ್ವಿಚ್ ಹಾಕುವುದು ಆರಿಸುವುದು ಬೇರೆ ಕೆಲಸ. ಪದದ ಬೇರು ಲ್ಯಾಟಿನ್ನಿನ ‘ಮೋಡಸ್’, ಎಂದರೆ ಅಳತೆ. ಕನ್ನಡದಲ್ಲಿ ಹೇಳಬೇಕಾದರೆ ನನಗೆ ಹೊಳೆಯುವುದು ‘ಹದ ಬದಲಿಸುವುದು’.

ಇದು ನನಗೆ ನಿಜವಾಗಿ ಮನದಟ್ಟಾದದ್ದು ತರಗತಿಯಲ್ಲಿ ಅಲ್ಲ. ತಮ್ಮನಿಗೆ ಸಣ್ಣ ಶಸ್ತ್ರಚಿಕಿತ್ಸೆಯಾಗಿ, ರಾತ್ರಿ ಅವನ ಹಾಸಿಗೆಯ ಪಕ್ಕ ಕುಳಿತಿದ್ದೆ. ಮಾನಿಟರಿನಲ್ಲಿ ಹೃದಯಬಡಿತದ ಅಂಕಿ 62 ಆಗುತ್ತಿತ್ತು, 70 ಆಗುತ್ತಿತ್ತು, ಮತ್ತೆ 63. ಒಂದು ಕಡೆ ನಿಲ್ಲಲೇ ಇಲ್ಲ. ಗಾಬರಿಯಿಂದ ನರ್ಸ್ ಅವರನ್ನು ಕರೆದೆ. ಅವರು ಶಾಂತವಾಗಿ, ‘ಅಂಕಿಯನ್ನು ಬಿಡಿ, ಅವರ ಎದೆ ಏರಿಳಿಯುವುದನ್ನು ನೋಡಿ’ ಎಂದರು. ನೋಡಿದೆ. ಉಸಿರು ಒಳಗೆ ಹೋದಾಗ ಬಡಿತ ಚುರುಕಾಗುತ್ತಿತ್ತು, ಹೊರಗೆ ಬಂದಾಗ ನಿಧಾನವಾಗುತ್ತಿತ್ತು. ನಾನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದ ಎಫ್‌ಎಂ ನನ್ನ ತಮ್ಮನ ಎದೆಯಲ್ಲಿ ನಡೆಯುತ್ತಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ಹೃದಯ ತನ್ನಷ್ಟಕ್ಕೆ ಬಡಿದುಕೊಳ್ಳುತ್ತದೆ. ಅದರ ಬಲ ಮೇಲ್ಕೋಣೆಯ ಗೋಡೆಯಲ್ಲಿರುವ ಕೋಶಗಳ ಗುಂಪೊಂದು ನಿಮಿಷಕ್ಕೆ ಸುಮಾರು 100ರ ಲಯ ಹಿಡಿದಿರುತ್ತದೆ. ವಿಶ್ರಾಂತಿಯಲ್ಲಿ ನಾವು 70ರ ಆಸುಪಾಸಿನಲ್ಲಿ ಇರುವುದು ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಆ ಲಯವನ್ನು ಸದಾ ಹಿಂದಕ್ಕೆ ಎಳೆಯುತ್ತಿರುವುದರಿಂದ. ಉಸಿರೆಳೆದುಕೊಂಡಾಗ ಆ ಹಿಡಿತ ತುಸು ಸಡಿಲವಾಗುತ್ತದೆ. ಕಸಿ ಮಾಡಿದ ಹೃದಯಕ್ಕೆ ಈ ನರದ ಸಂಪರ್ಕ ಕಡಿದುಹೋಗಿರುತ್ತದೆ. ಅದು ವಿಶ್ರಾಂತಿಯಲ್ಲೂ ಸಾಮಾನ್ಯವಾಗಿ 90, 100ರ ವೇಗದಲ್ಲಿ, ಉಸಿರಿನ ಗೊಡವೆಯಿಲ್ಲದೆ ಬಡಿಯುತ್ತದೆ. ವಾಹಕ ಉಳಿದಿದೆ, ಹೊರಿಸುವವರು ಇಲ್ಲ. ಈ ನರ ಹೃದಯದೊಂದಿಗೆ ಮಾತನಾಡುವುದು ರಾಸಾಯನಿಕದ ಮೂಲಕ ಎಂದು 1921ರಲ್ಲಿ ತೋರಿಸಿದವರು ಓಟೋ ಲೋವಿ. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಆ ಹೃದಯವನ್ನು ಅದ್ದಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಎರಡನೆಯದೂ ನಿಧಾನವಾಯಿತು. ಎಂಥ ಸರಳ ಪ್ರಯೋಗ! ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಔಷಧಕ್ಕೆ ಬಂದರೆ, ನನಗೆ ಅತಿ ಸ್ಪಷ್ಟವಾಗಿ ಕಾಣುವ ಉದಾಹರಣೆ ಆತಂಕ ತಗ್ಗಿಸಲು ಕೊಡುವ ಡಯಾಜೆಪಾಮ್. ಮಿದುಳಿನಲ್ಲಿ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕವಿದೆ. ಅದು ನರಕೋಶದ ಮೇಲಿನ ರಿಸೆಪ್ಟರಿಗೆ ಅಂಟಿಕೊಂಡಾಗ ಒಂದು ಪುಟ್ಟ ಬಾಗಿಲು ತೆರೆದು ಕ್ಲೋರೈಡ್ ಅಯಾನುಗಳು ಒಳಗೆ ಹೋಗುತ್ತವೆ, ಕೋಶ ಶಾಂತವಾಗುತ್ತದೆ. ಡಯಾಜೆಪಾಮ್ ಅದೇ ರಿಸೆಪ್ಟರಿನ ಬೇರೊಂದು ಜಾಗದಲ್ಲಿ ಕೂರುತ್ತದೆ. ಬಾಗಿಲನ್ನು ತಾನೇ ತೆರೆಯಲಾರದು; ಗಾಬಾ ಇದ್ದಾಗ ಬಾಗಿಲು ಇನ್ನಷ್ಟು ಸಲ ತೆರೆಯುವಂತೆ ಮಾಡುತ್ತದೆ. ಅದಕ್ಕಿಂತ ಹಳೆಯ ಬಾರ್ಬಿಚುರೇಟ್ ಔಷಧಗಳು, ತೆರೆದ ಬಾಗಿಲು ಹೆಚ್ಚು ಹೊತ್ತು ತೆರೆದೇ ಇರುವಂತೆ ಮಾಡುತ್ತವೆ. ಒಂದು ತಿದ್ದುವುದು ಆವೃತ್ತಿಯನ್ನು, ಇನ್ನೊಂದು ಅವಧಿಯನ್ನು. ಸಂವಹನ ತಂತ್ರಜ್ಞಾನದ ನಮ್ಮಲ್ಲಿ ಎರಡನೆಯದಕ್ಕೆ ಪಲ್ಸ್ ವಿಡ್ತ್ ಮಾಡ್ಯುಲೇಷನ್ ಎನ್ನುತ್ತೇವೆ. ಪ್ರಮಾಣ ಮೀರಿದರೆ ಬಾರ್ಬಿಚುರೇಟ್ ಗಾಬಾ ಇಲ್ಲದೆಯೂ ಬಾಗಿಲನ್ನು ತೆರೆಯಬಲ್ಲದು. ಆಗ ಅದು ಮಾಡ್ಯುಲೇಟರ್ ಆಗಿ ಉಳಿಯುವುದಿಲ್ಲ, ಸ್ವಿಚ್ ಆಗಿಬಿಡುತ್ತದೆ. ಉಸಿರಾಟವೇ ನಿಲ್ಲುವ ಅಪಾಯ ಅದರಲ್ಲಿ ಹೆಚ್ಚು. (ಡಯಾಜೆಪಾಮ್ ನಿರಪಾಯಕಾರಿ ಎಂದು ಇದರ ಅರ್ಥವಲ್ಲ. ಮದ್ಯದ ಜೊತೆ ಸೇರಿದರೆ ಅದೂ ಪ್ರಾಣ ತೆಗೆಯಬಲ್ಲದು.)

ನಿಮ್ಮ ಚೀಟಿಯ ‘ಇಮ್ಯುನೋಮಾಡ್ಯುಲೇಟರ್’ ಕೂಡ ಇದೇ ಜಾತಿಯ ಪದ, ಆದರೆ ಬಳಕೆ ಸಡಿಲ. ರೋಗನಿರೋಧಕ ವ್ಯವಸ್ಥೆಯನ್ನು ಚುರುಕುಗೊಳಿಸುವ ಔಷಧಕ್ಕೂ ತಗ್ಗಿಸುವ ಔಷಧಕ್ಕೂ ಅದೇ ಹೆಸರು ಸಲ್ಲುತ್ತದೆ. ಆದ್ದರಿಂದ ನಿಮ್ಮದು ಯಾವ ದಿಕ್ಕಿನದು ಎಂದು ವೈದ್ಯರನ್ನು ದಯವಿಟ್ಟು ಕೇಳಿ. ಸೋಂಕು, ಲಸಿಕೆಗಳ ವಿಷಯದಲ್ಲಿ ಆ ಉತ್ತರದಿಂದ ನಿಮ್ಮ ಎಚ್ಚರಿಕೆಯೇ ಬದಲಾಗುತ್ತದೆ.

ಹೋಲಿಕೆ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಹೇಳಲೇಬೇಕು. ರೇಡಿಯೋ ರಿಸೀವರ್ ಸಂದೇಶವನ್ನು ಇಳಿಸಿಕೊಂಡು ವಾಹಕವನ್ನು ಎಸೆದುಬಿಡುತ್ತದೆ. ದೇಹದಲ್ಲಿ ವಾಹಕವೇ ಜೀವ; ಬಡಿತದೊಳಗಿನ ಉಸಿರನ್ನು ಓದಲೆಂದು ಅಲ್ಲಿ ಯಾರೂ ಕಾದು ಕುಳಿತಿಲ್ಲ.

ಇನ್ನು ಸಂಗೀತ. ನಿಮ್ಮ ಗುರುಗಳು ಹೇಳಿದ ಮಾಡ್ಯುಲೇಷನ್ ಎಂದರೆ ಹಾಡಿನ ನಡುವೆ ಆಧಾರ ಸ್ವರ ಬದಲಾಗುವುದು. ಸಿ ಮೇಜರಿನಿಂದ ಜಿ ಮೇಜರಿಗೆ ಹೋಗುವಾಗ ಏಳರಲ್ಲಿ ಆರು ಸ್ವರಗಳು ಹಾಗೆಯೇ ಉಳಿಯುತ್ತವೆ, ಎಫ್ ಒಂದು ಮಾತ್ರ ಎಫ್ ಶಾರ್ಪ್ ಆಗುತ್ತದೆ. ಆದರೂ ಮನೆಯೇ ಬದಲಾದಂತೆ ಅನ್ನಿಸುತ್ತದೆ. ನಮ್ಮ ಕರ್ನಾಟಕ ಸಂಗೀತದ ಗ್ರಹಭೇದ ಇದಕ್ಕೆ ಹತ್ತಿರದ ಸಂಬಂಧಿ: ಮೋಹನ ರಾಗದ ರಿಷಭವನ್ನೇ ಷಡ್ಜವೆಂದು ಕೇಳಿಸಿಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಷಡ್ಜವೆಂದುಕೊಂಡರೆ ಹಿಂದೋಳ. ಇಲ್ಲಿ ಅಲುಗುವುದು ಅಳೆಯುವ ಕೋಲು. ರೇಡಿಯೋದವರ ಅರ್ಥವನ್ನು ಇದಕ್ಕೆ ಎಳೆದು ಹೊಂದಿಸುವುದು ನನಗೆ ಒಪ್ಪಿಗೆಯಿಲ್ಲ.

ಆ ಅರ್ಥವೂ ಸಂಗೀತದಲ್ಲಿ ಇದೆ, ಬೇರೆ ಕಡೆ. ಪಿಟೀಲಿನ ತಂತಿಯ ಮೇಲೆ ಬೆರಳನ್ನು ನಡುಗಿಸಿದಾಗ ಸ್ವರದ ಆವೃತ್ತಿ ಸೆಕೆಂಡಿಗೆ ಐದಾರು ಸಲ ಆಚೀಚೆ ತೂಗುತ್ತದೆ. 1967ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಕಂಪ್ಯೂಟರಿನಲ್ಲಿ ಇಂಥದೇ ತೂಗಾಟವನ್ನು ಬೆರಳಿನಿಂದ ಸಾಧ್ಯವೇ ಇಲ್ಲದಷ್ಟು ವೇಗವಾಗಿಸುತ್ತ ಹೋದರು. ಒಂದು ಹಂತ ದಾಟಿದಾಗ ತೂಗಾಟ ಕೇಳಿಸುವುದು ನಿಂತು, ಅದೇ ಸ್ವರ ಹೊಸ ನಾದಗುಣವನ್ನು ಪಡೆಯಿತು. ಗಂಟೆಯಂತೆ, ಹಿತ್ತಾಳೆ ವಾದ್ಯದಂತೆ. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಕೀಬೋರ್ಡ್, ಹುಟ್ಟಿದ್ದು ಇದರಿಂದ. ಚೌನಿಂಗ್ ಬಳಸಿದ ಸಮೀಕರಣವೂ ಎಫ್‌ಎಂ ರೇಡಿಯೋ ಪಾಠಕ್ಕೆ ನಾನು ಕಪ್ಪುಹಲಗೆಯ ಮೇಲೆ ಬರೆಯುವ ಸಮೀಕರಣವೂ ಒಂದೇ.