ಬೆಂಗಳೂರಿನ ವೇಳಾಪಟ್ಟಿ, ಚಿಕ್ಕಮಗಳೂರಿನ ಇಫ್ತಾರ್

ಬೆಂಗಳೂರಿನ ರಂಜಾನ್ ವೇಳಾಪಟ್ಟಿ ನೋಡಿಕೊಂಡು ಚಿಕ್ಕಮಗಳೂರಿನ ತೋಟದಲ್ಲಿ ಎರಡು ದಿನ ಇಫ್ತಾರ್ ಮಾಡಿದೆ (ಸಂಜೆ ಉಪವಾಸ ಬಿಟ್ಟೆ), ಆ ರೋಜಾ (ಉಪವಾಸ) ಆದವೋ ಇಲ್ಲವೋ ಎಂದು ಕೇಳಿದ್ದೀರಿ. ಆಗಲಿಲ್ಲ. ಎರಡನ್ನೂ ಖಜಾ ಮಾಡಬೇಕು, ಅಂದರೆ ಬದಲಿಗೆ ಬೇರೆ ದಿನ ರೋಜಾ ಇಡಬೇಕು. ಈದುಲ್ ಫಿತ್ರ್ ಮಾರನೆಯ ದಿನದಿಂದ ಶುರುಮಾಡಿ, ಮುಂದಿನ ರಂಜಾನ್ ಬರುವುದರೊಳಗೆ ಒಂದಕ್ಕೆ ಒಂದರಂತೆ ಇಟ್ಟು ತೀರಿಸಿ. ತಿಳಿಯದೆ ಆದದ್ದು, ಕಫ್ಫಾರಾ (ಪ್ರಾಯಶ್ಚಿತ್ತ) ಇಲ್ಲ, ಗಾಬರಿ ಬೇಡ.

ಚಿಕ್ಕಮಗಳೂರು ಬೆಂಗಳೂರಿಗಿಂತ ಸುಮಾರು 1.8 ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ ಇಲ್ಲಿ ಸೂರ್ಯ ಮುಳುಗುವುದು ಸುಮಾರು 7 ನಿಮಿಷ ತಡ. ಅಲ್ಲಿ 6:32 ಅಂದರೆ ನಿಮ್ಮಲ್ಲಿ 6:39ರ ಆಸುಪಾಸು. ಹಾಸನಕ್ಕಾದರೆ 6 ನಿಮಿಷ. ನೀವು ಖರ್ಜೂರ ಬಾಯಿಗಿಟ್ಟಾಗ ಹೊತ್ತು ಮುಳುಗಿರಲೇ ಇಲ್ಲ.

ಗುಡ್ಡದ ಕಡೆ ಇನ್ನೊಂದು ತಪ್ಪು ಆಗುತ್ತದೆ: ಸೂರ್ಯ ಗುಡ್ಡದ ಹಿಂದೆ ಮರೆಯಾದ ಕೂಡಲೇ ಮಗ್ರಿಬ್ (ಸೂರ್ಯಾಸ್ತದ ನಮಾಜಿನ ಹೊತ್ತು) ಆಯಿತೆಂದುಕೊಳ್ಳುತ್ತಾರೆ. ಅದು ಬರೀ ನೆರಳು, ಅಸ್ತಮಾನವಲ್ಲ.

ಸಹರಿಯಲ್ಲಿ (ಬೆಳಗಿಗೆ ಮುಂಚಿನ ಊಟ), ಬೆಂಗಳೂರಿನಲ್ಲಿ ಬೆಳಗೂ ಮೊದಲೇ ಆಗುವುದರಿಂದ, ನೀವು ಬೇಗ ನಿಲ್ಲಿಸಿದಂತಾಗಿದೆ, ತೊಂದರೆಯಿಲ್ಲ. ಆದರೆ ಅಜಾನ್ ಮುಗಿಯುವವರೆಗೂ ನೀರು ಕುಡಿಯುವ ರೂಢಿಯಿದ್ದರೆ ದಯವಿಟ್ಟು ಬಿಡಿ. ಫಜ್ರ್ (ಬೆಳಗಿನ ನಮಾಜು) ಹೊತ್ತಾದ ಮೇಲೆಯೇ ಅಜಾನ್ ಕೊಡುವುದು.

ಇವತ್ತೇ ಹತ್ತಿರದ ಮಸೀದಿಯಿಂದ ಸ್ಥಳೀಯ ಪಟ್ಟಿ ತನ್ನಿ. ಮೊಬೈಲ್ ಆ್ಯಪ್ ನೋಡುವುದಾದರೆ ಅದರಲ್ಲಿ ಊರು ಬೆಂಗಳೂರು ಎಂದೇ ಉಳಿದಿದೆಯೇ ಪರೀಕ್ಷಿಸಿ.