ಬೆಲೆ ಆಮೇಲೆ, ಮೊದಲು ಕೀಲು ನೋಡಿ

ಪ್ರಶ್ನೆ: ಕ್ಲೇ ಟಾರ್ಗೆಟ್ ಶೂಟಿಂಗ್ (ಗಾಳಿಗೆ ಹಾರಿಸಿದ ತಟ್ಟೆಗೆ ಗುರಿಯಿಡುವ ಆಟ) ಶುರು ಮಾಡಿದ್ದೇನೆ. ವಾರಕ್ಕೆ ನಾಲ್ಕು ರೌಂಡ್ ಹೊಡೆಯುತ್ತೇನೆ. ಅಗ್ಗದ ಹೊಸ ಓವರ್-ಅಂಡರ್ (ಒಂದರ ಮೇಲೊಂದು ಎರಡು ನಳಿಗೆಯ) ಶಾಟ್‌ಗನ್ ಸಾಕೇ, ದುಬಾರಿಯದೇ ಬೇಕೇ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಲ್ಲರೂ ಬೆಲೆ ಬರೆಯುತ್ತಾರೆ, ಎಷ್ಟು ತೋಟಾ ಹೊಡೆಯುತ್ತೇವೆಂದು ಬರೆಯುವುದಿಲ್ಲ. ನೀವು ಬರೆದಿದ್ದೀರಿ, ಸಂತೋಷ. ರೌಂಡಿಗೆ 25ರಂತೆ ವಾರಕ್ಕೆ 100 ತೋಟಾ, ವರ್ಷಕ್ಕೆ 5,200. ಹತ್ತು ವರ್ಷ ಆಡಿದರೆ 50,000 ದಾಟುತ್ತದೆ. ಹಂಗಾಮಿಗೆ ನಾಲ್ಕಾರು ಪೆಟ್ಟಿಗೆ ತೋಟಾ ಖರ್ಚು ಮಾಡುವ ಬೇಟೆಗಾರನಿಗೆಂದು ಮಾಡಿದ ಹಗುರ, ಅಗ್ಗದ ಗನ್ ಈ ದುಡಿಮೆಗೆ ಬಾಳುವುದಿಲ್ಲ. ತೋಟಾಕ್ಕೆ ಸುರಿಯುವ ಹಣದ ಮುಂದೆ ಗನ್ನಿನಲ್ಲಿ ಉಳಿಸಿದ್ದು ಏನೂ ಅಲ್ಲ.

ಹಾಗೆಂದು ಕೆತ್ತನೆಗೆ ಮರುಳಾಗಬೇಡಿ. ಇಟಲಿಯ ಬೆರೆಟ್ಟಾ ಕಂಪನಿಯ 686, 687 ಮಾದರಿಗಳೆರಡರ ಒಳಗಿನ ಯಂತ್ರ ಒಂದೇ. ಹೆಚ್ಚಿನ ಹಣ ಹೋಗುವುದು ಚಿತ್ತಾರಕ್ಕೆ, ಒಳ್ಳೆಯ ಮರಕ್ಕೆ. ಸವೆಯುವುದು ನಳಿಗೆ ಮಡಚಿ ತೆರೆಯುವ ಕೀಲು, ಅದನ್ನು ಮುಚ್ಚಿ ಹಿಡಿಯುವ ಲಾಕ್, ಸ್ಪ್ರಿಂಗ್, ತೋಟಾಕ್ಕೆ ಬಡಿಯುವ ಫೈರಿಂಗ್ ಪಿನ್. ಇವು ಬದಲಾಯಿಸಲು ಬರುವಂತಿದ್ದು, ಬಿಡಿಭಾಗ ಸಿಗುವಂತಿದ್ದರೆ ಅದೇ ಬಾಳಿಕೆ.

ನಿಮ್ಮ ಹಣಕ್ಕೆ ನನ್ನ ಸಲಹೆ: ಅಗ್ಗದ ಹೊಸದಕ್ಕಿಂತ ಹೆಸರುಳ್ಳ ಮಧ್ಯಮ ದರ್ಜೆಯ ಹಳೆಯದು. ಗನ್ ಖಾಲಿ ಇದೆಯೆಂದು ಎರಡು ಸಲ ನೋಡಿದ ಮೇಲೆಯೇ ಪರೀಕ್ಷೆಗೆ ಕೈಹಾಕಿ. ನಳಿಗೆಯ ಕೆಳಗಿನ ಮುಂಗೈ ಮರ ಬಿಚ್ಚಿ, ಗನ್ ಮುಚ್ಚಿ, ಸ್ಟಾಕ್ (ಭುಜಕ್ಕೆ ಒತ್ತುವ ಹಿಂದಿನ ಮರ) ಹಿಡಿದು ಅಲ್ಲಾಡಿಸಿ, ಕೀಲು ಸಡಿಲವೇ ನೋಡಿ. ಮುಂಗೈ ಮರ ಇದ್ದರೆ ಸಡಿಲ ಮುಚ್ಚಿಹೋಗುತ್ತದೆ. ಮಾರುವವರು ಅದನ್ನು ಬಿಚ್ಚಲು ಬಿಡದಿದ್ದರೆ ಎದ್ದು ಬನ್ನಿ. ಗನ್ ಮುಚ್ಚಿದಾಗ, ಅದನ್ನು ತೆರೆಯುವ ಮೇಲಿನ ಲಿವರ್ ಮಧ್ಯಕ್ಕಿಂತ ತುಸು ಬಲಕ್ಕೆ ನಿಂತರೆ ಲಾಕ್‌ನಲ್ಲಿ ಇನ್ನೂ ಆಯುಸ್ಸಿದೆ, ಮಧ್ಯ ದಾಟಿ ಎಡಕ್ಕೆ ಹೋಗಿದ್ದರೆ ಸವೆದಿದೆ. ನಳಿಗೆಗಳನ್ನು ಬಿಚ್ಚಿ, ತೂಗಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ನಾದ ಬರಬೇಕು. ಜರ್ರೆಂದರೆ ನಳಿಗೆಗಳಿಗೆ ಕೂಡಿಸಿದ ಪಟ್ಟಿಯ ಬೆಸುಗೆ ಬಿಟ್ಟಿರಬಹುದು.

ಇಷ್ಟೆಲ್ಲ ಸರಿಯಿದ್ದೂ ಸ್ಟಾಕ್ ನಿಮ್ಮ ಭುಜಕ್ಕೆ, ಕೆನ್ನೆಗೆ ಕೂರದಿದ್ದರೆ ಕೊಳ್ಳಬೇಡಿ, ಅಥವಾ ಅದನ್ನು ಹೊಂದಿಸುವ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಪ್ರಶ್ನೆ: ಸಡಿಲವಾದ ಕೀಲನ್ನು ಬಡಿದು ಬಿಗಿ ಮಾಡಿಕೊಡುತ್ತೇನೆ ಎನ್ನುತ್ತಾರೆ ಒಬ್ಬರು.

ಉತ್ತರ: ಅವರ ಕೈಗೆ ಗನ್ ಕೊಡಲೇಬೇಡಿ. ಸುತ್ತಿಗೆಯ ಬಿಗಿ ಬೇಗ ಬಿಟ್ಟುಹೋಗುತ್ತದೆ. ತೋಟಾ ಸಿಡಿದಾಗ ಒಳಗೆ ನೂರಾರು ಬಾರ್, ಅಂದರೆ ವಾತಾವರಣದ ನೂರಾರು ಪಟ್ಟು, ಒತ್ತಡ ಇರುತ್ತದೆ, ನಿಮ್ಮ ಮುಖ ಅದರ ಪಕ್ಕದಲ್ಲೇ ಇರುತ್ತದೆ. ಕೀಲಿನ ಪಿನ್ ಬದಲಿಸುವುದು ತರಬೇತಾದ ಗನ್‌ಸ್ಮಿತ್ ಕೆಲಸ.

ಪ್ರಶ್ನೆ: ನಳಿಗೆಯೊಳಗೆ ತುಕ್ಕು ತಡೆಯುವ ಕ್ರೋಮ್ ಲೇಪ ಇದೆ, ಶುಚಿ ಮಾಡಬೇಕೇ?

ಉತ್ತರ: ಮಾಡಬೇಕು. ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ ಚೋಕ್ ಟ್ಯೂಬ್ ತುಕ್ಕು ಹಿಡಿದು ಕಚ್ಚಿಕೊಂಡರೆ ಕ್ರೋಮ್ ಬಿಡಿಸಿಕೊಡುವುದಿಲ್ಲ.

ಪ್ರಶ್ನೆ: ಎಣ್ಣೆ ಜಾಸ್ತಿ ಹಾಕಿದಷ್ಟೂ ಬಾಳಿಕೆ ಜಾಸ್ತಿಯೇ?

ಉತ್ತರ: ಅಲ್ಲ. ಹೆಚ್ಚಾದ ಎಣ್ಣೆ ಸ್ಟಾಕ್‌ನ ಯಂತ್ರಕ್ಕೆ ಸೇರುವ ತುದಿಗಿಳಿದು ಮರವನ್ನು ಮೆತ್ತಗೆ ಮಾಡುತ್ತದೆ. ಕೀಲಿಗೆ ಒಂದು ಚೂರು ಗ್ರೀಸ್ ಸಾಕು.