ಸಂಪಾದಕರ ಉತ್ತರ: ಅರ್ಹತಾ ಪಂದ್ಯಗಳು ಯಾಕೆ ಬೇಕು?

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. 2021ರ ನವೆಂಬರ್ 30ರಂದು ಡಾಂಕಾಸ್ಟರ್‌ನಲ್ಲಿ ಇಂಗ್ಲೆಂಡ್ ಮಹಿಳೆಯರು ಲಾಟ್ವಿಯಾವನ್ನು 20–0ಯಿಂದ ಸೋಲಿಸಿದ ಫುಟ್‌ಬಾಲ್ ವಿಶ್ವಕಪ್ ಅರ್ಹತಾ ಪಂದ್ಯದ ತುಣುಕುಗಳನ್ನು ನೀವೂ ನಿಮ್ಮ ಮಗಳೂ ಈಚೆಗೆ ನೋಡಿದಿರಿ. ಏಳನೇ ಗೋಲಿನ ಹೊತ್ತಿಗೆ ಮಗಳು ಎದ್ದು ಹೋದಳು ಎಂದು ಬರೆದಿದ್ದೀರಿ. 'ಇದರಿಂದ ಯಾರಿಗೆ ಏನು ಸಿಕ್ಕಿತು? ಖಂಡಕ್ಕೊಂದು ಅರ್ಹತಾ ಟೂರ್ನಿ ಯಾಕೆ? ಫಿಫಾ ರ್‍ಯಾಂಕಿಂಗ್ ನೋಡಿ ಮೊದಲ 32 ತಂಡಗಳನ್ನು ವಿಶ್ವಕಪ್‌ಗೆ ಕರೆದುಬಿಟ್ಟರೆ ಮುಗೀತಲ್ವಾ?' ಎಂದು ಕೇಳಿದ್ದೀರಿ.

ಆ ಪಂದ್ಯದ ಬಗ್ಗೆ ನಿಮಗೆ ಅನಿಸಿದ್ದೇ ನನಗೂ ಅನಿಸುತ್ತದೆ. ಇಪ್ಪತ್ತನೇ ಸಲ ಬಲೆಯಿಂದ ಚೆಂಡು ಎತ್ತಿಕೊಳ್ಳುವ ಗೋಲ್‌ಕೀಪರ್‌ನ ಮುಖ ನೋಡುವುದು ಕಷ್ಟ. ಆದರೆ ನೀವು ಹೇಳುವ ಪರಿಹಾರ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಮೊದಲು ರ್‍ಯಾಂಕಿಂಗ್ ವಿಷಯಕ್ಕೆ ಬರೋಣ. 2023ರ ವಿಶ್ವಕಪ್ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆಯಿತು. 32 ತಂಡಗಳು ಆಡಿದ ಮೊದಲ ಮಹಿಳಾ ವಿಶ್ವಕಪ್ ಅದು. ನಿಮ್ಮ ಲೆಕ್ಕದಲ್ಲಿ ಹೋಗಿದ್ದರೆ ನೈಜೀರಿಯಾ ಮನೆಯಲ್ಲೇ ಉಳಿಯುತ್ತಿತ್ತು, ಅದು 40ನೇ ಸ್ಥಾನದಲ್ಲಿತ್ತು. 43ನೇ ಸ್ಥಾನದ ಜಮೈಕಾ, 54ರ ದಕ್ಷಿಣ ಆಫ್ರಿಕಾ, 72ರ ಮೊರಾಕೊ ಕೂಡ ಅಷ್ಟೇ. ಆಗಿದ್ದೇನು? ಈ ನಾಲ್ಕೂ ಕೊನೆಯ ಹದಿನಾರರ ಸುತ್ತಿಗೆ ಬಂದವು. ಜಮೈಕಾ ತನ್ನ ಗುಂಪಿನಲ್ಲಿ ಬ್ರೆಜಿಲನ್ನು ಹಿಂದೆ ಹಾಕಿತು. ಮೊರಾಕೊ ಕಥೆ ಇನ್ನೂ ಚೆಂದ. ಮೊದಲ ಪಂದ್ಯದಲ್ಲಿ ಜರ್ಮನಿಯ ಎದುರು 6–0 ಸೋಲು. ಆಮೇಲೆ ದಕ್ಷಿಣ ಕೊರಿಯಾವನ್ನೂ ಕೊಲಂಬಿಯಾವನ್ನೂ 1–0ಯಿಂದ ಸೋಲಿಸಿತು. ಅದು ಮುಂದಿನ ಸುತ್ತಿಗೆ ಹೋಯಿತು, ಎರಡನೇ ರ್‍ಯಾಂಕಿನ ಜರ್ಮನಿ ಮನೆಗೆ ಹೋಯಿತು.

ಹಾಗಾದರೆ ರ್‍ಯಾಂಕಿಂಗ್ ಸುಳ್ಳೇ? ಸುಳ್ಳಲ್ಲ. ಆಡಿದ ಪಂದ್ಯಗಳಿಂದ ಮಾತ್ರ ಅಲ್ಲಿ ಅಂಕ ಬರುತ್ತದೆ, ಅಷ್ಟೇ. ದೊಡ್ಡ ತಂಡಗಳು ಸ್ನೇಹಪಂದ್ಯಕ್ಕೆ ಹೆಚ್ಚಾಗಿ ದೊಡ್ಡ ತಂಡಗಳನ್ನೇ ಕರೆಯುತ್ತವೆ. ಉಳಿದವರಿಗೆ ತಮ್ಮ ಖಂಡದ ಟೂರ್ನಿಯೇ ಗತಿ. ತುಂಬ ಕಾಲ ಆಡದೆ ಉಳಿದರೆ ಪಟ್ಟಿಯಿಂದ ಹೆಸರೇ ಹೋಗುತ್ತದೆ. ಎಷ್ಟೋ ದೇಶಗಳ ಮಹಿಳಾ ತಂಡ ಶಿಬಿರ ಸೇರುವುದು, ಕೋಚ್ ಬರುವುದು, ವಿಮಾನ ಹತ್ತುವುದು ಎಲ್ಲವೂ ಅರ್ಹತಾ ಪಂದ್ಯದ ದಿನಾಂಕ ಗೊತ್ತಾದ ಮೇಲೆಯೇ. ಆ ದಿನಾಂಕವನ್ನೇ ತೆಗೆದುಬಿಟ್ಟರೆ ತಂಡ ಕಟ್ಟಲು ಯಾವ ಫುಟ್‌ಬಾಲ್ ಸಂಸ್ಥೆಗೂ ಅವಸರವಿರುವುದಿಲ್ಲ.

ಈಗ ಸ್ವಲ್ಪ ಹಿಂದೆ ಹೋಗೋಣ. ಮೊದಲ ವಿಶ್ವಕಪ್ 1991ರಲ್ಲಿ ಚೀನಾದಲ್ಲಿ ನಡೆಯಿತು. ಬಂದಿದ್ದು 12 ತಂಡಗಳು. ದಕ್ಷಿಣ ಅಮೆರಿಕದ ಅರ್ಹತಾ ಟೂರ್ನಿ ಬ್ರೆಜಿಲ್‌ನ ಮರಿಂಗಾ ಊರಲ್ಲಿ ಆಯಿತು. ಎಷ್ಟು ತಂಡ ಗೊತ್ತೇ? ಮೂರೇ ಮೂರು: ಬ್ರೆಜಿಲ್, ಚಿಲಿ, ವೆನೆಜುವೆಲಾ. ಕೊಲಂಬಿಯಾ ಇರಲೇ ಇಲ್ಲ. ಅದೇ ಕೊಲಂಬಿಯಾ 2022ರಲ್ಲಿ ದಕ್ಷಿಣ ಅಮೆರಿಕದ ಟೂರ್ನಿಯಾದ ಕೋಪಾ ಅಮೆರಿಕದಲ್ಲಿ ಎರಡನೇ ಸ್ಥಾನ ಪಡೆದು ವಿಶ್ವಕಪ್‌ಗೆ ಬಂದು, ಸಿಡ್ನಿಯಲ್ಲಿ ಜರ್ಮನಿಯನ್ನು 2–1ರಿಂದ ಸೋಲಿಸಿತು.

ಅದೇ 1991ರಲ್ಲಿ ಉತ್ತರ ಅಮೆರಿಕ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಟೂರ್ನಿ ಹೈಟಿಯ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಲ್ಲಿ ನಡೆಯಿತು. ಅಮೆರಿಕ ತಂಡ ಐದು ಪಂದ್ಯಗಳಲ್ಲಿ 49 ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. ಮೆಕ್ಸಿಕೊ ಮೇಲೆ 12–0, ಹೈಟಿ ಮೇಲೆ 10–0. ಅವತ್ತು ನೀವು ಅಲ್ಲಿದ್ದಿದ್ದರೆ ಇದೇ ಪತ್ರ ಬರೆಯುತ್ತಿದ್ದಿರಿ. ಬಹುಶಃ ನಾನೂ ತಲೆಯಾಡಿಸುತ್ತಿದ್ದೆ.

ಆದರೆ 2010ರ ನವೆಂಬರ್‌ನಲ್ಲಿ ಮೆಕ್ಸಿಕೊದ ಕಾನ್‌ಕೂನ್‌ನಲ್ಲಿ ಏನಾಯಿತು ನೋಡಿ. ಅರ್ಹತಾ ಟೂರ್ನಿಯ ಸೆಮಿಫೈನಲ್‌ನಲ್ಲಿ ಅದೇ ಮೆಕ್ಸಿಕೊ ಅದೇ ಅಮೆರಿಕವನ್ನು 2–1ರಿಂದ ಸೋಲಿಸಿತು. ಅಮೆರಿಕ ತಂಡ ಇಟಲಿಯ ಜೊತೆ ಪ್ಲೇಆಫ್, ಅಂದರೆ ಉಳಿದ ಸ್ಥಾನಕ್ಕಾಗಿ ಬೇರೆ ಖಂಡದ ತಂಡದ ಜೊತೆಗಿನ ಪಂದ್ಯ, ಆಡಬೇಕಾಯಿತು. ಎರಡೂ ಪಂದ್ಯಗಳನ್ನು ಒಂದೊಂದೇ ಗೋಲಿನಿಂದ ಗೆದ್ದು, ಹೇಗೋ ಒಳಗೆ ಬಂತು. ಮುಂದೆ 2011ರ ವಿಶ್ವಕಪ್‌ನ ಫೈನಲ್‌ವರೆಗೂ ಹೋಯಿತು! ಹನ್ನೆರಡು ಗೋಲು ತಿಂದವರು ಹತ್ತೊಂಬತ್ತು ವರ್ಷ ಆಡುತ್ತಲೇ ಇದ್ದರು. ಅದಕ್ಕೇ ಆ ದಿನ ಬಂತು.

ಇನ್ನು ಯುರೋಪಿನ ಕಡೆ ನೋಡಿದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇಂಗ್ಲೆಂಡ್ ಪಂದ್ಯಕ್ಕೆ ಐದು ದಿನ ಮೊದಲು ಬೆಲ್ಜಿಯಂ ಅರ್ಮೇನಿಯಾವನ್ನು 19–0ಯಿಂದ ಸೋಲಿಸಿತ್ತು. ಬಲವಾದ ತಂಡವನ್ನೂ ಆಗಷ್ಟೇ ಕಣ್ಣು ಬಿಡುತ್ತಿರುವ ತಂಡವನ್ನೂ ಒಂದೇ ಗುಂಪಿಗೆ ಹಾಕಿದ್ದು ತಪ್ಪು. ಅದನ್ನು ಯುರೋಪಿನ ಸಂಘಟಕರೂ ತಿದ್ದಿಕೊಂಡರು. 2023ರಲ್ಲಿ ಮಹಿಳಾ ನೇಷನ್ಸ್ ಲೀಗ್ ಶುರುವಾಯಿತು. ತಂಡಗಳನ್ನು ಎ, ಬಿ, ಸಿ ಎಂದು ಮೂರು ಹಂತ ಮಾಡಿದರು. ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ. ವಿಶ್ವಕಪ್ ಅರ್ಹತೆಯನ್ನೂ ಇದೇ ಹಂತಗಳಿಗೆ ಜೋಡಿಸಿದರು. ಈಗ ಲಾಟ್ವಿಯಾದಂಥ ತಂಡಕ್ಕೆ ತನ್ನ ಸರಿಸಾಟಿಯವರ ಜೊತೆ ಆಟ ಸಿಗುತ್ತದೆ. ಸ್ವಂತ ಊರಲ್ಲಿ ಒಂದು, ಎದುರಾಳಿಯ ಊರಲ್ಲಿ ಒಂದು. ಈ ಸ್ವಂತ ಊರಿನ ಪಂದ್ಯ ನನಗೆ ಬಹಳ ಮುಖ್ಯ. ತನ್ನ ದೇಶದ ಜೆರ್ಸಿ ಹಾಕಿದ ಹೆಂಗಸರು ಆಡುವುದನ್ನು ಒಬ್ಬ ಹುಡುಗಿ ಬೇಲಿಯಾಚೆ ನಿಂತು ನೋಡಬಹುದು, ಅಲ್ವಾ?

ಏಷ್ಯಾದಲ್ಲಿ ಆ ಭಾಗ್ಯ ಕಡಿಮೆ. ಇಲ್ಲಿ ಏಷ್ಯನ್ ಕಪ್ಪೇ ವಿಶ್ವಕಪ್‌ನ ಅರ್ಹತಾ ಟೂರ್ನಿ. ಒಂದು ದೇಶ, ಮೂರು ವಾರ, ಎಲ್ಲ ತೀರ್ಮಾನ. ಇದರ ಕ್ರೂರ ಮುಖ 2022ರ ಜನವರಿಯಲ್ಲಿ ಕಂಡಿತು. ಟೂರ್ನಿ ಭಾರತದಲ್ಲೇ ಇತ್ತು. ಇರಾನ್ ಜೊತೆ 0–0 ಡ್ರಾ ಆದ ಮೇಲೆ ಭಾರತ ತಂಡದಲ್ಲಿ ಕೋವಿಡ್ ಹರಡಿತು. ಚೈನೀಸ್ ತೈಪೆ (ತೈವಾನ್) ವಿರುದ್ಧ ಇಳಿಸಲು ಬೇಕಾದ ಕನಿಷ್ಠ 13 ಆಟಗಾರ್ತಿಯರೂ ಇರಲಿಲ್ಲ. ಅಲ್ಲಿಗೆ ಭಾರತ ಟೂರ್ನಿಯಿಂದಲೇ ಹೊರಗೆ. ವರ್ಷಗಟ್ಟಲೆ ಮಾಡಿದ ತಯಾರಿ ಒಂದೇ ದಿನದಲ್ಲಿ ಹೋಯಿತು. ಅದೇ ಟೂರ್ನಿಯಲ್ಲಿ ಫಿಲಿಪ್ಪೀನ್ಸ್ ಪುಣೆಯಲ್ಲಿ ಪೆನಾಲ್ಟಿ ಶೂಟೌಟ್ ಗೆದ್ದು ಮೊದಲ ಸಲ ವಿಶ್ವಕಪ್‌ಗೆ ಹೋಯಿತು, ಅಲ್ಲಿ ನ್ಯೂಜಿಲೆಂಡನ್ನು ಅದರ ನೆಲದಲ್ಲೇ 1–0ಯಿಂದ ಸೋಲಿಸಿತು. ಇಬ್ಬರ ಕಥೆಯನ್ನೂ ಒಟ್ಟಿಗೆ ನೆನೆದರೆ ಗಂಟಲು ಕಟ್ಟುತ್ತದೆ. ಏಷ್ಯಾದಲ್ಲೂ ಹಂತ ಹಂತದ ಲೀಗ್ ಬರಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. 2027ರ ವಿಶ್ವಕಪ್‌ಗಾಗಿ ದಕ್ಷಿಣ ಅಮೆರಿಕವೂ ಲೀಗ್ ದಾರಿ ಹಿಡಿದಿದೆ.

ಖಂಡಗಳಿಗೆ ಸ್ಥಾನ ಹಂಚಿಕೆ ನ್ಯಾಯವೇ ಎಂದೂ ಕೇಳಿದ್ದೀರಿ. ಬ್ರೆಜಿಲ್‌ನಲ್ಲಿ ನಡೆಯುವ 2027ರ ವಿಶ್ವಕಪ್‌ಗೆ ಯುರೋಪಿಗೆ 11, ಏಷ್ಯಾಕ್ಕೆ 6, ಆಫ್ರಿಕಾಕ್ಕೆ 4 ನೇರ ಸ್ಥಾನಗಳಿವೆ. 1991ರಲ್ಲಿ ಆಫ್ರಿಕಾಕ್ಕೆ ಇದ್ದದ್ದು ಒಂದೇ. ಆದರೂ ಕಳೆದ ಸಲ ಬಂದ ಆಫ್ರಿಕಾದ ನಾಲ್ಕರಲ್ಲಿ ಮೂರು ತಂಡಗಳು ಮುಂದಿನ ಸುತ್ತಿಗೆ ಹೋದವು. ಹಾಗಿರುವಾಗ ಇನ್ನೊಂದು ಸ್ಥಾನ ಜಾಸ್ತಿ ಕೊಟ್ಟಿದ್ದರೆ ತಪ್ಪೇನಿರಲಿಲ್ಲ.

ಕೊನೆಗೆ ನಿಮ್ಮ ಮಗಳ ಮಾತು. ಅವಳಿಗೆ ಆ 20–0 ತೋರಿಸಿದ್ದೀರಿ. ಈಗ 2023ರ ಫೆಬ್ರುವರಿಯಲ್ಲಿ ಆಕ್ಲೆಂಡ್‌ನಲ್ಲಿ ನಡೆದ ಪ್ಲೇಆಫ್ ತೋರಿಸಿ. ಚಿಲಿ ವಿರುದ್ಧ ಹೈಟಿ. 1991ರಲ್ಲಿ ಸ್ವಂತ ಊರಲ್ಲಿ ಹತ್ತು ಗೋಲು ತಿಂದ ಅದೇ ಹೈಟಿ. 2–1ರಿಂದ ಗೆದ್ದು ಮೊದಲ ಸಲ ವಿಶ್ವಕಪ್‌ಗೆ ಹೋಯಿತು. ಎರಡೂ ಗೋಲು ಮೆಲ್ಕಿ ಡುಮೊರ್ನೆ ಅವರದು. ಆಗ ಅವರಿಗೆ 19 ವರ್ಷ. ಪಂದ್ಯ ಮುಗಿಯುವವರೆಗೂ ಮಗಳು ಎದ್ದು ಹೋಗುವುದಿಲ್ಲ ಎಂದು ನನಗೆ ನಂಬಿಕೆಯಿದೆ. ಅವಳು ಏನಂದಳು ಎಂದು ಮರೆಯದೆ ಬರೆಯಿರಿ.

ಪ್ರೀತಿಯಿಂದ,
ಸಂಪಾದಕ